ಸುಂಕದವನೂ ಹಸೆಯ ಹಾಡೂ

(ಬಾನುಲಿ ಭಾಷಣ)

ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡಂತೆ ಎಂಬ ಗಾದೆ ನಮ್ಮಲ್ಲಿದೆ. ಗಾಡಿಯಲ್ಲಿ ಮದುವೆಯ ದಿಬ್ಬಣವೇ ಬರಲಿ, ಹಸುಗೂಸನ್ನೆತ್ತಿಕೊಂಡ ಬಾಣಂತಿಯೇ ಬರಲಿ, ಕಟ್ಟೆಯ ಮೇಲೆ ಕುಳಿತ ಸುಂಕದವನಿಗೆ ಅದು ಸಂಬಂಧಪಟ್ಟ ವಿಷಯವಲ್ಲ. ಎಲ್ಲಿಂದ ಬಂದಿರಿ, ಎಲ್ಲಿಗೆ ಹೋಗುತ್ತೀರಿ, ಗಾಡಿಯಲ್ಲಿ ಏನಿದೆ ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದ ಹೊರತು ಅವನು ಅಡ್ಡಮರವನ್ನು ಎತ್ತುವವನಲ್ಲ. ಮಾಗಡಿ ರಸ್ತೆಯ ಸುಂಕದಕಟ್ಟೆ ಇಂದು ಬೆಂಗಳೂರಿನ ಒಂದು ಬಡಾವಣೆಯ ಹೆಸರಾಗಿ ಮಾತ್ರ ಉಳಿದಿದೆ. ಅಲ್ಲಿ ಈಗ ಗಾಡಿ ನಿಲ್ಲಿಸಿ ಸುಂಕ ಕೇಳುವವರಿಲ್ಲ. ಆದರೆ ಸುಂಕದವನು ಊರು ಬಿಟ್ಟು ಹೋಗಿಲ್ಲ. ಅವನು ನಮ್ಮ ಮನೆಗಳ ಗಣಕಯಂತ್ರದೊಳಗೆ ಬಂದು ಕುಳಿತಿದ್ದಾನೆ. ಅಲ್ಲಿ ಅವನ ಹೆಸರು ಫೈರ್‌ವಾಲ್.

ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದವನು ಈ ವಿಷಯವನ್ನು ಕುರಿತು ಮಾತನಾಡಲು ಹೊರಟದ್ದೇಕೆ ಎಂದು ತಾವು ಕೇಳಬಹುದು. ಗಣಕವಿಜ್ಞಾನ ನನ್ನ ಶಾಸ್ತ್ರವಲ್ಲ. ನನಗೆ ತಿಳಿದಿರುವ ಅಲ್ಪಸ್ವಲ್ಪವು ಓದಿ ಕಲಿತದ್ದಕ್ಕಿಂತ ಹೆಚ್ಚಾಗಿ ಕಳೆದುಕೊಂಡು ಕಲಿತದ್ದು. ಅಂತಹ ಕಲಿಕೆಯನ್ನು ನಾಲ್ಕು ಜನರ ಮುಂದೆ ಹೇಳಿದರೆ ಮತ್ತೊಬ್ಬರಿಗಾದರೂ ಆ ನಷ್ಟ ತಪ್ಪೀತು ಎಂಬುದಷ್ಟೇ ನನ್ನ ಆಸೆ.

2005ರ ಜೂನ್ ತಿಂಗಳಿನ ಒಂದು ಶುಕ್ರವಾರದ ರಾತ್ರಿ. ಜಯನಗರದ ನಮ್ಮ ಮನೆಯಲ್ಲಿ ನಾನು ಗಣಕದ ಮುಂದೆ ಕುಳಿತಿದ್ದೆ. ಪಕ್ಕದ ಕೋಣೆಯಲ್ಲಿ, ಎಪ್ಪತ್ತೆಂಟರ ಹರೆಯದ ನಮ್ಮ ತಾಯಿ ನಿದ್ದೆ ಬಾರದೆ ಹಾಸಿಗೆಯ ಮೇಲೆ ಎದ್ದು ಕುಳಿತಿದ್ದರು. ಮರುದಿನ ಅಮೆರಿಕದ ನ್ಯೂಜರ್ಸಿಯಲ್ಲಿ ನಮ್ಮ ಅಕ್ಕನ ಮಗಳ ಮದುವೆ. ಅಷ್ಟು ದೂರದ ಪ್ರಯಾಣವನ್ನು ವೈದ್ಯರು ತಾಯಿಗೆ ನಿಷೇಧಿಸಿದ್ದರು. ಅವರನ್ನು ಬಿಟ್ಟು ನಾನೂ ಹೋಗುವಂತಿರಲಿಲ್ಲ. ಅಕ್ಕನದು ಒಂದೇ ಬೇಡಿಕೆ: ಮಗಳನ್ನು ಹಸೆಗೆ ಕರೆಯುವಾಗ ಅಲ್ಲಿ ಅಮ್ಮನ ದನಿ ಕೇಳಬೇಕು.

ಅಮ್ಮನ ದನಿ ನಮ್ಮಲ್ಲಿತ್ತು. 1986ರಲ್ಲಿ, ಅವರ ಕಂಠ ಇನ್ನೂ ಗಟ್ಟಿಯಾಗಿದ್ದ ಕಾಲದಲ್ಲಿ, ಹಸೆಯ ಹಾಡನ್ನೂ ಆರತಿಯ ಹಾಡನ್ನೂ ನಾನು ಒಂದು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದೆ. ಅಟ್ಟದ ಮೇಲಿನ ಪೆಟ್ಟಿಗೆಯಲ್ಲಿ ಅದು ಸಿಕ್ಕಿದ್ದು ಆ ಶುಕ್ರವಾರದ ಬೆಳಿಗ್ಗೆ. 4ನೆಯ ಬ್ಲಾಕಿನ ಕಾಂಪ್ಲೆಕ್ಸಿನ ಸಮೀಪದ ಅಂಗಡಿಯೊಂದರಲ್ಲಿ ಅದನ್ನು ಗಣಕದ ಕಡತವಾಗಿ ಮಾಡಿಸಿಕೊಂಡು ಬರುವಷ್ಟರಲ್ಲಿ ಸಂಜೆಯಾಯಿತು. ಹನ್ನೆರಡು ನಿಮಿಷಗಳ ಹಾಡು. ಕಡತದ ತೂಕ 12 ಮೆಗಾಬೈಟ್. ನನ್ನ ಮಿಂಚಂಚೆ ಇಷ್ಟು ಭಾರವನ್ನು ಹೊರುತ್ತಿರಲಿಲ್ಲ. ಉಳಿದದ್ದು ಮೆಸೆಂಜರ್ ಎಂದು ನಾವು ಕರೆಯುತ್ತಿದ್ದ ಸಂದೇಶ ತಂತ್ರಾಂಶ. ಜಯನಗರ, ಜೆ.ಪಿ. ನಗರ, ಬನಶಂಕರಿಗಳಲ್ಲಿ ಮಕ್ಕಳನ್ನು ಪರದೇಶಕ್ಕೆ ಕಳುಹಿಸಿದ ತಂದೆತಾಯಿಗಳಿಗೆಲ್ಲ ಆ ವರ್ಷಗಳಲ್ಲಿ ಅದೇ ಕಿಟಕಿ. ಮನೆಯಲ್ಲಿ ಗಣಕವಿಲ್ಲದವರು ಬೀದಿಗೊಂದರಂತಿದ್ದ ಸೈಬರ್ ಕೆಫೆಗಳಲ್ಲಿ ಸರದಿ ಕಾದು ಕೂಡುತ್ತಿದ್ದರು.

ರಾತ್ರಿ ಒಂಬತ್ತಕ್ಕೆ ಕಡತವನ್ನು ಕಳಿಸಲು ಆರಂಭಿಸಿದೆ. ಅಲ್ಲಿ ಆಗ ಬೆಳಗಿನ ಹನ್ನೊಂದೂವರೆ. ಮಧ್ಯಾಹ್ನ ಎರಡಕ್ಕೆ, ಎಂದರೆ ನಮ್ಮ ರಾತ್ರಿ ಹನ್ನೊಂದೂವರೆಗೆ, ಅಕ್ಕ ಮನೆಗೆ ಬೀಗ ಹಾಕಿ ಮದುವೆಯ ಊರಿಗೆ ಹೊರಡಬೇಕು. ಎರಡೂವರೆ ಗಂಟೆಯ ಅವಕಾಶ ಧಾರಾಳವೆಂದೇ ಭಾವಿಸಿದ್ದೆ. ಅಕ್ಕ ಬರೆದ ಮಾತು ನನ್ನ ಪರದೆಯ ಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಮೂಡುತ್ತಿತ್ತು. ನನ್ನ ಮಾತು ಅವಳಿಗೆ ಅಷ್ಟೇ ಬೇಗ ತಲುಪುತ್ತಿತ್ತು. ಆದರೆ ಕಡತ ಮಾತ್ರ ಬಸವನಹುಳುವಿನಂತೆ ತೆವಳುತ್ತಿತ್ತು. ಹತ್ತು ಗಂಟೆ ದಾಟಿದಾಗ ಮುಕ್ಕಾಲು ಭಾಗದ ಸಮೀಪಕ್ಕೆ ಬಂದಿತ್ತು. ಹತ್ತೂಕಾಲಕ್ಕೆ ವಿದ್ಯುತ್ತು ಹೋಯಿತು.

ಇಪ್ಪತ್ತು ನಿಮಿಷದ ಮೇಲೆ ದೀಪ ಬಂದಾಗ ನನಗೆ ತಿಳಿದುಬಂದ ಸತ್ಯವೆಂದರೆ, ನಿಂತಲ್ಲಿಂದ ಮುಂದುವರಿಯುವ ವಿದ್ಯೆ ಆ ತಂತ್ರಾಂಶಕ್ಕೆ ಗೊತ್ತಿಲ್ಲ ಎಂಬುದು. ಮೊದಲಿನಿಂದ ಆರಂಭ. ಅದೇ ವೇಗದಲ್ಲಿ ಹೋದರೆ ಮುಗಿಯುವುದು ನಡುರಾತ್ರಿ ಕಳೆದ ಮೇಲೆ. ಅಷ್ಟರಲ್ಲಿ ಅಕ್ಕನ ಕಾರು ಹೊರಟು ಮುಕ್ಕಾಲು ಗಂಟೆಯಾಗಿರುತ್ತದೆ.

ಕಥೆಯನ್ನು ಇಲ್ಲಿ ಸ್ವಲ್ಪ ನಿಲ್ಲಿಸಿ, ಮಾತು ಹಾರಿದಾಗ ಹಾಡು ತೆವಳಿದ್ದೇಕೆ ಎಂಬುದನ್ನು ನೋಡೋಣ. ಆ ರಾತ್ರಿ ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದರೆ ನಾನು ಈ ಭಾಷಣ ಮಾಡಬೇಕಾದ ಪ್ರಸಂಗವೇ ಬರುತ್ತಿರಲಿಲ್ಲ.

ಅಂತರಜಾಲದಲ್ಲಿ ಯಾವ ಕಡತವೂ ಇಡಿಯಾಗಿ ಪ್ರಯಾಣ ಮಾಡುವುದಿಲ್ಲ. ಅದನ್ನು ಸಾವಿರಾರು ಸಣ್ಣ ಪೊಟ್ಟಣಗಳಾಗಿ ಕಟ್ಟುತ್ತಾರೆ. ಸಾಮಾನ್ಯವಾಗಿ ಒಂದೊಂದು ಪೊಟ್ಟಣವೂ 1500 ಬೈಟ್‌ಗಳನ್ನು ಮೀರುವುದಿಲ್ಲ. ಪ್ರತಿಯೊಂದರ ಮೇಲೂ ಕಳಿಸಿದವರ ವಿಳಾಸ, ಪಡೆಯುವವರ ವಿಳಾಸ ಮತ್ತು ಬಾಗಿಲಿನ ಸಂಖ್ಯೆ ಇರುತ್ತವೆ. ಬಾಗಿಲಿನ ಸಂಖ್ಯೆ ಎಂದೆ. ತಂತ್ರಜ್ಞರು ಇದನ್ನು ಪೋರ್ಟ್ ಎನ್ನುತ್ತಾರೆ. ಒಂದು ಗಣಕಕ್ಕೆ ಇಂತಹ ಬಾಗಿಲುಗಳು ಅರುವತ್ತೈದು ಸಾವಿರಕ್ಕೂ ಹೆಚ್ಚು. ಫೈರ್‌ವಾಲ್ ಈ ಬಾಗಿಲುಗಳನ್ನು ಕಾಯುತ್ತದೆ. ಅದರ ಮೂಲಸೂತ್ರ ಬಹು ಸರಳ: ಒಳಗಿನವರು ತಾವಾಗಿ ಹೊರಗೆ ಹೋಗಿ ಮಾತನಾಡಿಸಿದವರ ಉತ್ತರ ಒಳಗೆ ಬರಬಹುದು; ಕರೆಯದೆ ಬಂದವರು ಬರಕೂಡದು.

ಈಗ ಸಂದೇಶ ತಂತ್ರಾಂಶದ ರೀತಿಯನ್ನು ನೋಡಿ. ಮಾತು ಹೋಗುವ ದಾರಿ ಬೇರೆ, ಕಡತ ಹೋಗುವ ದಾರಿ ಬೇರೆ. ಮಾತಿನ ವಿಷಯದಲ್ಲಿ ನಾನೂ ನನ್ನ ಮನೆಯಿಂದ ಹೊರಟು, ಅಕ್ಕನೂ ಅವಳ ಮನೆಯಿಂದ ಹೊರಟು, ಆ ತಂತ್ರಾಂಶವನ್ನು ನಡೆಸುವವರ ಕೇಂದ್ರಯಂತ್ರದ ಜಗಲಿಯ ಮೇಲೆ ಭೇಟಿಯಾಗುತ್ತೇವೆ. ಇಬ್ಬರೂ ಒಳಗಿನಿಂದ ಹೊರಟವರೇ ಆದ್ದರಿಂದ ಇಬ್ಬರ ಕಾವಲುಗಾರರೂ ಸುಮ್ಮನಿರುತ್ತಾರೆ. ಆದರೆ ಕಡತ ಭಾರವಾದದ್ದು. ಕೋಟ್ಯಂತರ ಜನರ ಹಾಡು, ಚಿತ್ರ, ಪುಸ್ತಕಗಳನ್ನೆಲ್ಲ ತನ್ನ ಜಗಲಿಯ ಮೇಲೆ ಹೊರಲು ಕೇಂದ್ರಯಂತ್ರಕ್ಕೆ ಮನಸ್ಸಿಲ್ಲ. ಆದ್ದರಿಂದ ಅದು, ‘ನಿಮ್ಮ ನಿಮ್ಮಲ್ಲೇ ನೇರವಾಗಿ ಕೊಟ್ಟು ತೆಗೆದುಕೊಳ್ಳಿ’ ಎಂದು ಇಬ್ಬರ ವಿಳಾಸಗಳನ್ನೂ ಕೊಟ್ಟು ಕೈ ತೊಳೆದುಕೊಳ್ಳುತ್ತದೆ. ನೇರವಾಗಿ ಕೊಡಬೇಕಾದರೆ ಒಬ್ಬರು ಮತ್ತೊಬ್ಬರ ಮನೆಯ ಬಾಗಿಲು ತಟ್ಟಲೇಬೇಕು. ತಟ್ಟಿದವನು ಕಾವಲುಗಾರನ ಕಣ್ಣಿಗೆ ಕರೆಯದೆ ಬಂದವನು. ಅಕ್ಕನ ಗಣಕ ನನ್ನ ಬಾಗಿಲು ತಟ್ಟಿತು. ನನ್ನ ಫೈರ್‌ವಾಲ್ ಒಲ್ಲೆನೆಂದಿತು. ನನ್ನ ಗಣಕ ಅವಳ ಬಾಗಿಲು ತಟ್ಟಿತು. ಅವಳ ಮನೆಯ ಉಪಕರಣವೂ ಒಲ್ಲೆನೆಂದಿತು.

ಅಕ್ಕನ ಮನೆಯ ಆ ಉಪಕರಣದ ವಿಷಯದಲ್ಲಿ ಒಂದು ಮಾತು. ಅಂತರಜಾಲದ ಹಳೆಯ ಪದ್ಧತಿಯಲ್ಲಿ ಇರುವ ವಿಳಾಸಗಳು ಒಟ್ಟು 430 ಕೋಟಿಯ ಸಮೀಪ. ಜಗತ್ತಿನ ಜನಸಂಖ್ಯೆಗೂ ಸಾಲದ ಈ ವಿಳಾಸಗಳನ್ನು ಉಳಿತಾಯ ಮಾಡುವ ಸಲುವಾಗಿ ಒಂದು ಮನೆಗೆ ಒಂದೇ ವಿಳಾಸ ಕೊಟ್ಟು, ಒಳಗಿರುವ ಮೂರು ನಾಲ್ಕು ಗಣಕಗಳೂ ಅದನ್ನೇ ಹಂಚಿಕೊಳ್ಳುವ ಏರ್ಪಾಡನ್ನು ಮಾಡಿದರು. ಹೊರಗಿನಿಂದ ಬಂದ ಪೊಟ್ಟಣ ಒಳಗಿನ ಯಾರಿಗೆ ಸೇರಬೇಕೆಂದು ತಿಳಿಯದಿದ್ದರೆ ಆ ಉಪಕರಣ ಅದನ್ನು ಬಿಸಾಡುತ್ತದೆ. ಕಾವಲಿಗೆಂದು ಕಟ್ಟಿದ ಗೋಡೆಯಲ್ಲದಿದ್ದರೂ ಪರಿಣಾಮ ಗೋಡೆಯದೇ.

ಎರಡೂ ಬಾಗಿಲುಗಳು ಮುಚ್ಚಿದಾಗ ತಂತ್ರಾಂಶ ವಿಧಿಯಿಲ್ಲದೆ ಮೂರನೆಯ ದಾರಿ ಹಿಡಿಯುತ್ತದೆ. ಕಡತವನ್ನು ಚೂರುಚೂರು ಮಾಡಿ ಅದೇ ಕೇಂದ್ರಯಂತ್ರದ ಮೂಲಕ, ಅದು ಅನುಮತಿಸಿದಷ್ಟೇ ವೇಗದಲ್ಲಿ, ದಾಟಿಸುತ್ತದೆ. ಆ ವೇಗ ಬಹಳ ಕಡಿಮೆ. ಲೆಕ್ಕ ಹಾಕಿ ನೋಡಿ: ನನ್ನ ಸಂಪರ್ಕ ಸೆಕೆಂಡಿಗೆ 256 ಕಿಲೊಬಿಟ್‌ಗಳದು. ಎಂಟು ಬಿಟ್‌ಗೆ ಒಂದು ಬೈಟ್ ಆದ್ದರಿಂದ ಅದು ಸೆಕೆಂಡಿಗೆ 32 ಕಿಲೊಬೈಟ್. ನೇರ ದಾರಿಯಲ್ಲಿ 12 ಮೆಗಾಬೈಟಿನ ಹಾಡು ಆರೂವರೆ ನಿಮಿಷದಲ್ಲಿ ಮುಗಿಯಬೇಕು. ಮೂರನೆಯ ದಾರಿಯಲ್ಲಿ ಸೆಕೆಂಡಿಗೆ 2 ಕಿಲೊಬೈಟ್ ಸಿಕ್ಕಿತೆಂದರೆ ಒಂದು ಗಂಟೆ ನಲವತ್ತೆರಡು ನಿಮಿಷ. ನನಗೆ ಆ ರಾತ್ರಿ ಸಿಕ್ಕಿದ್ದು ಹೆಚ್ಚುಕಡಿಮೆ ಇದೇ.

ಫೈರ್‌ವಾಲ್ ಪ್ರತಿ ಪೊಟ್ಟಣವನ್ನೂ ಪರೀಕ್ಷಿಸುವುದರಿಂದಲೇ ತಡವಾಗುತ್ತದೆ ಎಂದು ಅನೇಕರು ತಿಳಿಯುತ್ತಾರೆ. ಅದರಲ್ಲಿ ಸತ್ಯಾಂಶವಿಲ್ಲದಿಲ್ಲ. ಪೊಟ್ಟಣ ತಲುಪಿತೆಂಬ ರಸೀತಿ ಹಿಂದಿರುಗುವುದು ತಡವಾದರೆ ಕಳಿಸುವ ಗಣಕ ತಾನೂ ನಿಧಾನಿಸುತ್ತದೆ. ಅಂದಿನ ದುರ್ಬಲ ಯಂತ್ರಗಳಲ್ಲಿ ಎರಡು ಮೂರು ಕಾವಲು ತಂತ್ರಾಂಶಗಳನ್ನು ಒಟ್ಟಿಗೆ ಕೂಡಿಸಿದವರು ಈ ಕಷ್ಟವನ್ನು ಖಂಡಿತ ಅನುಭವಿಸಿದ್ದಾರೆ. ಆದರೆ ಆರು ನಿಮಿಷದ ಕೆಲಸ ನೂರು ನಿಮಿಷವಾಗುವುದು ಪರೀಕ್ಷೆಯಿಂದಲ್ಲ, ಬಾಗಿಲು ಮುಚ್ಚಿ ಸುತ್ತುದಾರಿ ಹಿಡಿಯುವುದರಿಂದ. ಈ ಭೇದವನ್ನು ತಾವು ನೆನಪಿಡಬೇಕೆಂದು ಕೋರುತ್ತೇನೆ. ನನ್ನ ನಷ್ಟದ ಮೂಲ ಈ ಭೇದವನ್ನು ಅರಿಯದೆ ಹೋದದ್ದರಲ್ಲಿದೆ.

ಮತ್ತೆ ಆ ರಾತ್ರಿಗೆ ಬರೋಣ. ಗಾಬರಿಯಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನಿಗೆ ದೂರವಾಣಿ ಮಾಡಿದೆ. ಬಿ.ಟಿ.ಎಂ. ಬಡಾವಣೆಯಲ್ಲಿ ವಾಸವಾಗಿದ್ದು ತಂತ್ರಾಂಶದ ಉದ್ಯೋಗದಲ್ಲಿದ್ದ ಹುಡುಗ. ನನ್ನ ಗಣಕಕ್ಕೆ ಆ ಫೈರ್‌ವಾಲನ್ನು ಹಾಕಿಕೊಟ್ಟವನೂ ಅವನೇ. ಎಲ್ಲವನ್ನೂ ಕೇಳಿ, “ಸಾರ್, ನಿಧಾನವಾಗಿ ಕೂತು ಒಂದು ಬಾಗಿಲು ಮಾತ್ರ ತೆರೆಯೋದು ಸರಿಯಾದ ದಾರಿ. ಈಗ ಅಷ್ಟು ಹೊತ್ತಿಲ್ಲ. ಫೈರ್‌ವಾಲ್ ಆಫ್ ಮಾಡಿ ಕಳಿಸಿಬಿಡಿ. ಆದರೆ ಮುಗಿದ ತಕ್ಷಣ ಮರೀದೆ ಆನ್ ಮಾಡಿ ಸಾರ್” ಎಂದ.

ಆಫ್ ಮಾಡಿದೆ. ಎರಡು ಮನೆಗಳಲ್ಲಿ ಒಂದರ ಬಾಗಿಲು ತೆರೆದರೂ ಸಾಕಷ್ಟೆ. ಹೊಳೆಯ ಕಟ್ಟೆ ಒಡೆದಂತೆ ಕಡತ ಹರಿಯತೊಡಗಿತು. ಏಳೆಂಟು ನಿಮಿಷದಲ್ಲಿ ಎಲ್ಲವೂ ಮುಗಿದು, ಅಕ್ಕ ಅಲ್ಲಿ ಹಾಡನ್ನು ಹಾಕಿ ಕೇಳಿದಳು. ಕೇಳಿ ಏನನ್ನೂ ಬರೆಯಲಿಲ್ಲ. ಬಹಳ ಹೊತ್ತಿನ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಎರಡೇ ಶಬ್ದ ಬಂದವು: ಅಮ್ಮ ಬಂದಳು.

ಒಳಗಿನಿಂದ ತಾಯಿ, “ಮುಟ್ಟಿತೇನೋ ಮಗು?” ಎಂದು ಕೇಳಿದರು. “ಮುಟ್ಟಿತಮ್ಮ” ಎಂದೆ. “ಅವಳಿಗೆ ಸರಿಯಾಗಿ ಕೇಳಿಸಿತಂತೇನು?” “ಕೇಳಿಸಿತಂತೆ.” ಎದ್ದು ಹೋಗಿ ಅವರ ಪಕ್ಕದಲ್ಲಿ ಕುಳಿತೆ. ಮದುವೆಯ ಮನೆಯ ಮಾತು, ಊರಿನ ಮಾತು, ಅಕ್ಕನ ಮದುವೆಯಲ್ಲಿ ಮಳೆ ಬಂದು ಚಪ್ಪರ ಸೋರಿದ ಮಾತು ಎಲ್ಲ ಆಯಿತು. ಫೈರ್‌ವಾಲಿನ ನೆನಪು ನನಗೆ ಬರಲೇ ಇಲ್ಲ. ಆ ರಾತ್ರಿಯೂ ಬರಲಿಲ್ಲ, ಮರುದಿನವೂ ಬರಲಿಲ್ಲ.

ನಾಲ್ಕನೆಯ ದಿನ ಗಣಕ ತನ್ನಷ್ಟಕ್ಕೆ ತಾನೇ ಆರಿಹೋಗಿ ಮತ್ತೆ ಹತ್ತಿಕೊಳ್ಳತೊಡಗಿತು. ಪರದೆಯ ಮೇಲೆ ಅರುವತ್ತು ಸೆಕೆಂಡುಗಳ ಎಣಿಕೆ ಕಾಣಿಸುವುದು, ಎಣಿಕೆ ಮುಗಿದೊಡನೆ ಯಂತ್ರ ಆರುವುದು. 2003ರ ಆಗಸ್ಟಿನಲ್ಲಿ ಬ್ಲಾಸ್ಟರ್ ಎಂಬ ಹೆಸರಿನ ಹುಳುವೂ, 2004ರ ಏಪ್ರಿಲ್ ಕೊನೆಯಲ್ಲಿ ಸ್ಯಾಸರ್ ಎಂಬ ಹುಳುವೂ ಜಗತ್ತಿನ ಲಕ್ಷಾಂತರ ಗಣಕಗಳಲ್ಲಿ ತೋರಿಸಿದ್ದ ಲಕ್ಷಣ ಇದೇ. ಇವು ಯಾರೋ ಕಳಿಸಿದ ಅಂಚೆಯನ್ನು ನಾವು ತೆರೆದದ್ದರಿಂದ ಬರುವಂಥವಲ್ಲ. ಅಂತರಜಾಲದಲ್ಲಿ ಮನೆಮನೆಯ ಬಾಗಿಲನ್ನೂ ತಳ್ಳಿ ನೋಡುತ್ತ, ತೆರೆದದ್ದು ಸಿಕ್ಕಿದಲ್ಲಿ ಒಳಹೊಕ್ಕು, ಅಲ್ಲಿಂದ ಮುಂದಿನ ಮನೆಗೆ ಹೋಗುವಂಥವು. ಬಾಗಿಲು ತೆರೆದಿಟ್ಟವನು ನಾನೇ. ಗಣಕಕ್ಕೆ ಕಾಲಕಾಲಕ್ಕೆ ಹಾಕಿಸಬೇಕಾದ ತೇಪೆಗಳನ್ನು ಹಾಕಿಸದೆ ಇದ್ದವನೂ ನಾನೇ. ರಿಪೇರಿಗೆಂದು ಯಂತ್ರವನ್ನು ಅಂಗಡಿಗೆ ಒಯ್ದೆ. ಎಲ್ಲವನ್ನೂ ಅಳಿಸಿ ಹೊಸದಾಗಿ ಹಾಕಬೇಕಾಗುತ್ತದೆ, ಒಳಗೆ ಮುಖ್ಯವಾದದ್ದು ಏನಾದರೂ ಇದೆಯೇ ಎಂದು ಅವರು ಕೇಳಿದರಂತೆ. ಕೇಳಿದ್ದು ನನ್ನ ಜೊತೆಯಲ್ಲಿ ಬಂದಿದ್ದ ನೆರೆಮನೆಯ ಹುಡುಗನನ್ನು. ಅವನು ಇಲ್ಲವೆಂದನಂತೆ. ನಾನು ಆಗ ಎದುರಿನ ಅಂಗಡಿಯಲ್ಲಿ ತಾಯಿಗೆ ಔಷಧಿ ಕೊಳ್ಳುತ್ತಿದ್ದೆ.

ಒಳಗೆ ಇದ್ದದ್ದು ಎಂಟು ವರ್ಷಗಳ ಕೆಲಸ. ಹಾಸನ ಜಿಲ್ಲೆಯ ನಮ್ಮ ಊರಿನ ಕಡೆ ಅಡಿಗೆಮನೆ, ಕಣ, ಹಟ್ಟಿ, ಬಾಣಂತಿಕೋಣೆಗಳಲ್ಲಿ ಹೆಂಗಸರು ಬಳಸುತ್ತಿದ್ದ ಮಾತುಗಳ ಒಂದು ಕೋಶ. ಸುಮಾರು 3000 ಶಬ್ದಗಳು. ಅದರ ಮುಖ್ಯ ವಕ್ತೃ ನಮ್ಮ ತಾಯಿ. ಧಾನ್ಯವನ್ನು ಮೊರದಲ್ಲಿ ಕೇರುವುದಕ್ಕೂ, ಗಾಳಿಗೆ ತೂರುವುದಕ್ಕೂ, ಜರಡಿ ಹಿಡಿಯುವುದಕ್ಕೂ, ಒಂದರಿ ಆಡುವುದಕ್ಕೂ ಏನೇನು ಅಂತರ, ಯಾವುದರಲ್ಲಿ ಹೊಟ್ಟು ಹೋಗುತ್ತದೆ, ಯಾವುದರಲ್ಲಿ ಕಲ್ಲು ಉಳಿಯುತ್ತದೆ ಎಂದು ಅವರು ಕೈಯಾಡಿಸಿ ತೋರಿಸುತ್ತಿದ್ದರು, ನಾನು ಬರೆದುಕೊಳ್ಳುತ್ತಿದ್ದೆ. ಬರೆದ ಚೀಟಿಗಳನ್ನು ಗಣಕಕ್ಕೆ ಸೇರಿಸಿದ ಮೇಲೆ, ಇನ್ನೇಕೆ ಎಂದು ಹಳೆಯ ಕಾಗದದವನಿಗೆ ಕೊಟ್ಟಿದ್ದೆ. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎಂಬ ಗಾದೆಯನ್ನು ಅದೆಷ್ಟು ವರ್ಷ ತರಗತಿಯಲ್ಲಿ ವಿವರಿಸಿದ್ದೆನೋ! ಅದರ ಅರ್ಥ ನನಗಾದದ್ದು ಅಂದು.

ತಾಯಿಗೆ ಹೇಳಿದಾಗ ಅವರು, “ಹೋಗಲಿ ಬಿಡು, ಮತ್ತೆ ಹೇಳುತ್ತೇನೆ, ಬರೆದುಕೋ” ಎಂದರು. ಒಂದಷ್ಟು ದಿನ ಹೇಳಿದರು ಕೂಡ. ಆದರೆ 2006ರ ಮಾಘಮಾಸದಲ್ಲಿ ಅವರು ತೀರಿಕೊಂಡರು.

ಇಷ್ಟಾದ ಮೇಲೆ ಫೈರ್‌ವಾಲನ್ನು ನಾನು ಹೇಗೆ ದೂಷಿಸಲಿ? ಅದು ನಿಧಾನ ಮಾಡಿತು, ನಿಜ. ಆದರೆ ಅದು ನಿಧಾನ ಮಾಡಿದ್ದು ನನ್ನನ್ನು ಕಾಯುವ ಕೆಲಸದಲ್ಲಿ. ಈ ಗೋಡೆಗಳ ಚರಿತ್ರೆಯೂ ಅನುಭವದಿಂದಲೇ ಬಂದದ್ದು. ಅಕ್ಕಪಕ್ಕದ ಮನೆಗಳಲ್ಲಿ ಒಂದಕ್ಕೆ ಬಿದ್ದ ಬೆಂಕಿ ಇನ್ನೊಂದಕ್ಕೆ ಹರಡದಿರಲೆಂದು ಕಟ್ಟುವ ಗೋಡೆಗೆ ಇಂಗ್ಲಿಷಿನಲ್ಲಿ ಈ ಹೆಸರು. 1988ರ ನವೆಂಬರ್ 2ರಂದು ಅಮೆರಿಕದ ವಿದ್ಯಾರ್ಥಿ ರಾಬರ್ಟ್ ಮಾರಿಸ್ ಬಿಡುಗಡೆ ಮಾಡಿದ ಒಂದು ಹುಳು ಅಂದಿನ ಪುಟ್ಟ ಅಂತರಜಾಲದಲ್ಲಿ ಸುಮಾರು 6000 ಗಣಕಗಳನ್ನು ಸ್ತಬ್ಧಗೊಳಿಸಿತೆಂದು ಅಂದಾಜು. ಅಲ್ಲಿಯವರೆಗೆ ಪರಸ್ಪರ ನಂಬುಗೆಯಿಂದ ಬಾಗಿಲು ತೆರೆದಿಟ್ಟು ಬಾಳುತ್ತಿದ್ದ ವಿದ್ವಾಂಸರ ಅಗ್ರಹಾರ ಅದು. ಆ ಬಳಿಕ ಗೋಡೆಗಳು ಎದ್ದವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಒಂದು ಫೈರ್‌ವಾಲ್ ಇತ್ತಾದರೂ ಬಳಕೆದಾರರು ಹುಡುಕಿ ಚಾಲೂ ಮಾಡಬೇಕಾಗಿತ್ತು. ಬ್ಲಾಸ್ಟರ್, ಸ್ಯಾಸರ್‌ಗಳ ಹಾವಳಿಯಾದ ಮೇಲೆ, 2004ರ ಆಗಸ್ಟಿನ ಪರಿಷ್ಕರಣದಲ್ಲಿ ಅದು ತಾನಾಗಿಯೇ ಚಾಲೂ ಆಗಿರುವಂತೆ ಮಾಡಿದರು. ನಮ್ಮ ಬೆಂಗಳೂರಿನ ಚರಿತ್ರೆಯೂ ಇದನ್ನೇ ಹೇಳುತ್ತದೆ. 1791ರ ಮಾರ್ಚಿಯಲ್ಲಿ ಕಾರ್ನ್‌ವಾಲಿಸನ ಸೇನೆ ಪೇಟೆಯೊಳಕ್ಕೆ ನುಗ್ಗಿದ್ದು ಹಲಸೂರು ಬಾಗಿಲಿನಿಂದ. ಶತ್ರು ಗೋಡೆಯಿರುವ ಕಡೆಗಿಂತ ಬಾಗಿಲಿರುವ ಕಡೆಯನ್ನೇ ಹುಡುಕುತ್ತಾನೆ.

ಹಾಗಾದರೆ ಆ ರಾತ್ರಿ ಮಾಡಬೇಕಾಗಿದ್ದುದೇನು? ನನ್ನ ಶಿಷ್ಯ ಮೊದಲು ಹೇಳಿದ್ದೇ ಸರಿಯಾದ ಉತ್ತರ: ಗೋಡೆಯನ್ನು ಕೆಡವದೆ ಒಂದು ಬಾಗಿಲನ್ನು ತೆರೆಯುವುದು. ಅಂದಿನ ತಂತ್ರಾಂಶಗಳೆಲ್ಲ ತಾವು ಯಾವ ಬಾಗಿಲನ್ನು ಬಳಸುತ್ತೇವೆಂದು ಹೇಳುತ್ತಿದ್ದವು. ಉದಾಹರಣೆಗೆ ಎಂಎಸ್ಎನ್ ಮೆಸೆಂಜರ್ ಕಡತಗಳಿಗಾಗಿ ಬಳಸುತ್ತಿದ್ದುದು 6891ರಿಂದ 6900ರವರೆಗಿನ ಹತ್ತು ಬಾಗಿಲುಗಳನ್ನು. ಏಕಕಾಲಕ್ಕೆ ಹತ್ತು ಕಡತಗಳು ಹೋಗಲು ಹತ್ತು. ನನ್ನಂಥವನಿಗೆ ಒಂದೇ ಸಾಕಾಗಿತ್ತು. ಇಂತಹ ತಂತ್ರಾಂಶಕ್ಕೆ, ಇಂತಹ ಬಾಗಿಲಿನಲ್ಲಿ, ಬರುವವರನ್ನು ಬಿಡು ಎಂದು ಕಾವಲುಗಾರನಿಗೆ ಹೇಳಿದರೆ ಉಳಿದ ಅರುವತ್ತೈದು ಸಾವಿರ ಬಾಗಿಲುಗಳೂ ಭದ್ರವಾಗಿರುತ್ತಿದ್ದವು. ಹಾಡೂ ಆರು ನಿಮಿಷದಲ್ಲಿ ತಲುಪುತ್ತಿತ್ತು, ಕೋಶವೂ ಉಳಿಯುತ್ತಿತ್ತು. ಅದನ್ನು ಕಲಿಯಲು ಬೇಕಾದದ್ದು ಒಂದು ಬಿಡುವಿನ ಮಧ್ಯಾಹ್ನ. ಬಿಡುವಿನ ಮಧ್ಯಾಹ್ನಗಳು ನನಗೆ ಬೇಕಾದಷ್ಟಿದ್ದವು. ಜರಡಿಯ ಕಣ್ಣು ಸಣ್ಣದೆಂದು ತೋರಿದಾಗ ಕಣ್ಣು ದೊಡ್ಡದಿರುವ ಇನ್ನೊಂದು ಜರಡಿಯನ್ನು ಹಿಡಿಯುವುದು ನಮ್ಮ ಹೆಂಗಸರ ಪದ್ಧತಿ. ಜರಡಿಯನ್ನೇ ಬಿಸಾಡಿ ಹಿಟ್ಟು ಕಲಸುವುದು ಅವರ ಪದ್ಧತಿಯಲ್ಲ. ಇದನ್ನು ಕೋಶದಲ್ಲಿ ಬರೆದುಕೊಂಡವನು ಬಾಳಿನಲ್ಲಿ ಮರೆತೆ.

ಈ ಕಥೆಗೆ ಇನ್ನೊಂದು ಅಧ್ಯಾಯವಿದೆ. ಅದು ನಮ್ಮ ನುಡಿಗೆ ಸಂಬಂಧಿಸಿದ್ದು. ಇಂಗ್ಲಿಷಿನಲ್ಲಿ ಬರೆಯುವವನು ತನ್ನ ಪತ್ರವನ್ನು ಮೆಸೆಂಜರಿನ ಪೆಟ್ಟಿಗೆಯಲ್ಲೇ ಬರೆದು ಕಳಿಸಬಹುದಾಗಿತ್ತು. ಅವನಿಗೆ ಕಡತದ ಹಂಗಿರಲಿಲ್ಲ. ನಮಗೆ ಹಾಗಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು, ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು, ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆಯ ವಿನ್ಯಾಸದಿಂದ ನನ್ನಂಥವರ ಬೆರಳುಗಳಿಗೂ ಕನ್ನಡ ಒಲಿಯಿತು. ಆದರೆ ನಾವು ಹೆಚ್ಚಾಗಿ ಬಳಸುತ್ತಿದ್ದ ಅಕ್ಷರರೂಪಗಳು ಇಂಗ್ಲಿಷ್ ಅಕ್ಷರಗಳ ಸಂಕೇತಗಳ ಮೇಲೆ ಕನ್ನಡದ ಆಕಾರವನ್ನು ಹೊದಿಸಿದಂಥವು. ಆ ಹೊದಿಕೆ ಇಲ್ಲದ ಗಣಕದಲ್ಲಿ ಕನ್ನಡ ಕಾಣುತ್ತಿರಲಿಲ್ಲ. ಅರ್ಥವಿಲ್ಲದ ರೋಮನ್ ಅಕ್ಷರಗಳ ಸಂತೆ ಕಾಣುತ್ತಿತ್ತು. ಯೂನಿಕೋಡ್ ಎಂಬ ಜಾಗತಿಕ ಸಂಕೇತದಲ್ಲಿ ಕನ್ನಡಕ್ಕೆ 1991ರಲ್ಲೇ ಸ್ಥಾನ ದೊರೆತಿದ್ದರೂ ಅದು ನಮ್ಮ ಮೇಜಿನವರೆಗೆ ಬಂದು ನೆಲೆಯೂರಲು ಬಹುಕಾಲ ಹಿಡಿಯಿತು. ಹೀಗಾಗಿ ಕನ್ನಡದ ನಾಲ್ಕು ಸಾಲು ಕಳಿಸಬೇಕಾದರೂ ಕಡತ, ಕಡತದ ಜೊತೆಗೆ ಅಕ್ಷರರೂಪದ ಇನ್ನೊಂದು ಕಡತ. ಸುಂಕದಕಟ್ಟೆಯ ಮುಂದೆ ಕನ್ನಡದ ಗಾಡಿ ಇಂಗ್ಲಿಷಿನ ಗಾಡಿಗಿಂತ ಹೆಚ್ಚು ಹೊತ್ತು ನಿಲ್ಲಬೇಕಾಗುತ್ತಿತ್ತು.

2004ರ ಚಳಿಗಾಲದಲ್ಲಿ ನಾನು ಕೋಶದ ಮೊದಲ ಭಾಗವನ್ನು, ಸುಮಾರು 400 ಶಬ್ದಗಳನ್ನು, ನೋಡಿ ತಿದ್ದಲೆಂದು ಅಕ್ಕನಿಗೆ ಇದೇ ಮೆಸೆಂಜರಿನಲ್ಲಿ ಕಳಿಸಿದ್ದೆ. ಬರೀ ಅಕ್ಷರವಾದ್ದರಿಂದ ಕಡತ ಬಹಳ ಸಣ್ಣದು. ಸುತ್ತುದಾರಿಯಲ್ಲೂ ಬೇಗನೆ ಹೋಗಿತ್ತು. ಅಕ್ಷರರೂಪವನ್ನು ಜೊತೆಯಲ್ಲಿ ಕಳಿಸುವುದನ್ನು ಮರೆತಿದ್ದೆ. ಅಕ್ಕ ತೆರೆದು ನೋಡಿ, “ಇದೇನೋ ಮಾಟಮಂತ್ರ ಕಳಿಸಿದ್ದೀಯ?” ಎಂದು ನಕ್ಕಿದ್ದಳು. ಆ ಮೇಲೆ ಇಬ್ಬರೂ ಮರೆತೆವು. 2009ರಲ್ಲಿ ಹಳೆಯ ಗಣಕವನ್ನು ವಿಲೇವಾರಿ ಮಾಡುವಾಗ ಆ ಮಾಟಮಂತ್ರ ಅವಳ ಕಣ್ಣಿಗೆ ಬಿತ್ತು. ಅಳಿಸದೆ ನನಗೆ ಕಳಿಸಿದಳು. ಅಷ್ಟರಲ್ಲಿ ಹಳೆಯ ಸಂಕೇತವನ್ನು ಯೂನಿಕೋಡಿಗೆ ಮಾರ್ಪಡಿಸುವ ಸಾಧನಗಳು ಬಂದಿದ್ದವು. ಒಂದು ಗುಂಡಿಯನ್ನು ಒತ್ತಿದೆ. ರೋಮನ್ ಅಕ್ಷರಗಳ ಸಂತೆ ಕರಗಿ ಅಮ್ಮನ ಮಾತು ಸಾಲುಸಾಲಾಗಿ ಎದ್ದು ನಿಂತಿತು. ‘ಅ’ಕಾರದಿಂದ ‘ಒ’ಕಾರದವರೆಗೆ ಮಾತ್ರ. ಆದ್ದರಿಂದ ‘ಒಂದರಿ’ ಉಳಿಯಿತು. ‘ಕೇರು’, ‘ಜರಡಿ’, ‘ತೂರು’ಗಳ ಅಡಿಯಲ್ಲಿ ಅವರು ಹೇಳಿದ್ದು ಹೋಯಿತು.

ಅಂದಿನ ಸಂದೇಶ ತಂತ್ರಾಂಶಗಳು ಇಂದು ಉಳಿದಿಲ್ಲ. ಎಂಎಸ್ಎನ್ ಮೆಸೆಂಜರಿನ ಉತ್ತರಾಧಿಕಾರಿ 2013ರಲ್ಲಿ ಬಹುತೇಕ ದೇಶಗಳಲ್ಲಿ ನಿಂತಿತು. ಯಾಹೂ ಮೆಸೆಂಜರ್ 2018ರ ಜುಲೈಯಲ್ಲಿ. ಇವೆಲ್ಲಕ್ಕೂ ಹಿರಿಯನಾದ, 1996ರಲ್ಲಿ ಹುಟ್ಟಿದ ಐಸಿಕ್ಯೂ 2024ರ ಜೂನಿನಲ್ಲಿ. ನಡುವೆ ತಂತ್ರಜ್ಞರು ಒಂದು ಜಾಣ ಉಪಾಯವನ್ನೂ ರೂಢಿಗೆ ತಂದರು. ಎರಡೂ ಮನೆಯವರು ಮೊದಲೇ ಗೊತ್ತುಮಾಡಿಕೊಂಡು ಒಂದೇ ಗಳಿಗೆಯಲ್ಲಿ ಒಳಗಿನಿಂದ ಹೊರಟರೆ, ಇಬ್ಬರ ಕಾವಲುಗಾರರೂ ಎದುರಿನಿಂದ ಬಂದದ್ದನ್ನು ತಮ್ಮವರ ಮಾತಿಗೆ ಬಂದ ಉತ್ತರವೆಂದೇ ಭಾವಿಸಿ ಒಳಗೆ ಬಿಡುತ್ತಾರೆ. ಇಂದು ನಾವು ಮಾಡುವ ಅನೇಕ ವಿಡಿಯೋ ಕರೆಗಳು ನೇರವಾಗಿ ಕೂಡುವುದು ಇಂತಹ ಉಪಾಯದಿಂದ.

ಆದರೆ ಕಡತಗಳ ವಿಷಯದಲ್ಲಿ ನಡೆದದ್ದು ಬೇರೆ. ಇಂದು ವಾಟ್ಸ್ಆಪ್‌ನಲ್ಲಿ ನಾನು ಕಳಿಸಿದ ಹಾಡು ಅಕ್ಕನ ಮನೆಗೆ ನೇರವಾಗಿ ಹೋಗುವುದಿಲ್ಲ. ಮೊದಲು ಕಂಪೆನಿಯ ಯಂತ್ರಕ್ಕೆ ಏರುತ್ತದೆ. ಅಲ್ಲಿಂದ ಅವಳು ಇಳಿಸಿಕೊಳ್ಳುತ್ತಾಳೆ. ದಾರಿಯಲ್ಲಿ ಯಾರೂ ಓದದಂತೆ 2016ರಿಂದ ಅದಕ್ಕೆ ಗೂಢಲಿಪಿಯ ಬೀಗವೂ ಇದೆ. ಅಂದು ವಿಧಿಯಿಲ್ಲದೆ ಹಿಡಿದ ಮೂರನೆಯ ದಾರಿಯೇ ಇಂದು ರಾಜಮಾರ್ಗವಾಗಿದೆ. ಹಿಂದೆ ಎರಡು ಮನೆಗಳು ನೇರವಾಗಿ ಕೈ ಚಾಚುತ್ತಿದ್ದವು. ಚಾಚಿದ ಕೈ ಗೋಡೆಗೆ ತಗುಲುತ್ತಿತ್ತು. ಆ ತಗುಲಿದ ನೋವೇ ನಿಧಾನ. ಈಗ ಕೈ ಚಾಚುವ ಅಗತ್ಯವೇ ಇಲ್ಲ. ಹಾಗೆಂದು ಗೋಡೆ ಹೋಗಿಲ್ಲ. ಅದು ಗಣಕದಲ್ಲೂ ಇದೆ, ಮನೆಯ ರೌಟರಿನಲ್ಲೂ ಇದೆ, ಮೊದಲಿಗಿಂತ ಬಲವಾಗಿಯೇ ಇದೆ. ನಮಗೆ ತಗುಲದಿರುವುದರಿಂದ ನಾವು ಅದನ್ನು ಮರೆತಿದ್ದೇವೆ. ಇದು ತಪ್ಪೆಂದು ನಾನು ಹೇಳುವುದಿಲ್ಲ. ನಾನೂ ಪ್ರತಿದಿನ ಇದರ ಸುಖವನ್ನು ಅನುಭವಿಸುವವನೇ. ಆದರೆ ಒಂದು ಯಂತ್ರ ನಿಧಾನವಾದಾಗ ಯಾರು, ಎಲ್ಲಿ, ಏತಕ್ಕೆ ತಡೆದರು ಎಂದು ಕೇಳುವ ಅಭ್ಯಾಸವನ್ನು ಬಿಡಬಾರದು. ಆಫ್ ಮಾಡಿಬಿಡಿ ಎಂಬ ಸಲಹೆ ಇಂದಿಗೂ ಕಚೇರಿಗಳಲ್ಲಿ, ಮನೆಗಳಲ್ಲಿ ಕೇಳಿಬರುತ್ತಲೇ ಇದೆ. ಆನ್ ಮಾಡಲು ಮರೆಯುವವರೂ ಇದ್ದೇ ಇದ್ದಾರೆ.

ಸಂಜೆ ಲಾಲ್‌ಬಾಗಿನ ಬಂಡೆಯ ಮೇಲೆ ಕುಳಿತು ಕೆಂಪೇಗೌಡರ ಗೋಪುರವನ್ನು ನೋಡುವಾಗ ನನಗೆ ಕೆಲವೊಮ್ಮೆ ಇದೆಲ್ಲ ನೆನಪಾಗುತ್ತದೆ. ಊರು ಇಲ್ಲಿಯವರೆಗೆ ಎಂದು ಗುರುತಿಟ್ಟ ಗೋಪುರ ಅದು. ಅದರ ಆಚೆಗೆ ಜಯನಗರ, ಜಯನಗರದ ಆಚೆಗೆ ಮತ್ತೂ ಊರು. ಗಡಿಯನ್ನು ಕಟ್ಟಿದವರು ಬಾಗಿಲನ್ನೂ ಇಟ್ಟಿದ್ದರಿಂದಲೇ ಪೇಟೆ ಬೆಳೆಯಿತು. ನನಗೆ ಉಳಿದದ್ದರ ಲೆಕ್ಕವೂ ಹಾಗೆಯೇ ಇದೆ. ಗೋಡೆಯ ಒಳಗೆ ಭದ್ರವಾಗಿದೆಯೆಂದು ನಾನು ಕೂಡಿಟ್ಟದ್ದು ಹೋಯಿತು. ಬಾಗಿಲು ದಾಟಿ ಅಕ್ಕನ ಮನೆ ಸೇರಿದ್ದ 400 ಶಬ್ದಗಳೂ ಹನ್ನೆರಡು ನಿಮಿಷದ ಹಾಡೂ ಉಳಿದವು. ಹಿಂದಿನ ವರ್ಷ ಅಕ್ಕನ ಮೊಮ್ಮಗಳ ನಾಮಕರಣದಲ್ಲಿ ಆರತಿ ಎತ್ತುವಾಗ ಅದನ್ನೇ ಹಾಕಿದ್ದರಂತೆ.

ಹೋದ ಶಬ್ದಗಳನ್ನು ನಾನು ಈಗ ಮತ್ತೆ ಕೂಡಿಸುತ್ತಿದ್ದೇನೆ. ಊರಿನಲ್ಲಿ ಉಳಿದಿರುವ ಇಬ್ಬರು ಮೂವರು ವೃದ್ಧೆಯರನ್ನು ಕೇಳಿ ಬರೆದುಕೊಳ್ಳುತ್ತೇನೆ. ಒಂದು ಪ್ರತಿ ಕಾಗದದ ಮೇಲೆ, ಒಂದು ಗಣಕದಲ್ಲಿ, ಒಂದು ಅಕ್ಕನ ಬಳಿ. ಫೈರ್‌ವಾಲ್ ಚಾಲೂ ಇದೆ.